ಕೆಸರಿಗಿಳಿಯುವ ಟ್ರ್ಯಾಕ್ಟರಿನ ವಯಸ್ಸು

"ಯಾವ ಮಾಡಲ್ರೀ?"

ಹಳೆ ಟ್ರ್ಯಾಕ್ಟರ್ ನೋಡಲು ಹೋದವರ ಬಾಯಿಂದ ಬರುವ ಮೊದಲ ಮಾತು ಇದೇ. ಹೆಸರು ಮುಂದೆಯೇ ಬರೆದಿರುತ್ತದೆ, ಬಣ್ಣ ದೂರದಿಂದಲೇ ಗೊತ್ತಾಗುತ್ತದೆ. ಕೇಳಿ ತಿಳಿಯಬೇಕಾದದ್ದು ಇಸವಿ ಒಂದೇ. ಹದಿನಾಲ್ಕರದ್ದು ಅಂದರೆ ಒಂದು ರೇಟು, ಹದಿನೆಂಟರದ್ದು ಅಂದರೆ ಇನ್ನೊಂದು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಕೈಯಲ್ಲಿ ದುಡ್ಡು ಆಡುವ ದಿನಗಳಲ್ಲಿ ಹಾವೇರಿ, ರಾಣೆಬೆನ್ನೂರು, ಕಾಗಿನೆಲೆ ಸುತ್ತಿನ ಊರುಗಳಲ್ಲಿ ಈ ಮಾತು ಚಹಾದಂಗಡಿಯಿಂದ ಗ್ಯಾರೇಜಿನವರೆಗೂ ಕಿವಿಗೆ ಬೀಳುತ್ತದೆ. ಇಸವಿಗೆ ಅಷ್ಟು ಬೆಲೆ ಕೊಡಬೇಕೇ? ಅದರಲ್ಲೂ ನೀರಿಗೆ, ಕೆಸರಿಗೆ ಇಳಿಯಬೇಕಾದ ಗಾಡಿಗೆ? ಇದನ್ನು ನಿಧಾನವಾಗಿ ಬಿಡಿಸಿ ನೋಡುವ ಆಸೆ ನನ್ನದು. ಟ್ರ್ಯಾಕ್ಟರನ್ನು ಪ್ರೀತಿಯಿಂದ ನೋಡುವವರಿಗೆ ಆ ನೋಟವೇ ಒಂದು ಸುಖ.

ನೆಲ ನೀರು ಎರಡರಲ್ಲೂ ಓಡುವ ಗಾಡಿಗಳು ಜಗತ್ತಿನಲ್ಲಿವೆ. ಆರು ಗಾಲಿ, ಎಂಟು ಗಾಲಿಯ ಸಣ್ಣ ಗಾಡಿಗಳನ್ನು ಕೆನಡಾದವರು 1960ರ ದಶಕದಿಂದಲೇ ಮಾಡುತ್ತಿದ್ದಾರೆ. ಅವುಗಳ ಮೈ ದೋಣಿಯ ಆಕಾರದ್ದು. ಒಂದು ಬದಿಯ ಗಾಲಿಗಳನ್ನು ತಡೆದು ಇನ್ನೊಂದು ಬದಿಯವನ್ನು ಓಡಿಸಿ ತಿರುಗಿಸುತ್ತಾರೆ. ನಮ್ಮ ಸೇನೆಯ 'ಕಪಿಧ್ವಜ' 2025ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ಕಾಣಿಸಿಕೊಂಡಿತು. ಆಳೆತ್ತರದ, ಗಾಳಿ ಕಡಿಮೆ ತುಂಬಿದ ಅದರ ಗಾಲಿಗಳನ್ನು ಕಂಡು ಕಣ್ಣರಳಿಸಿದವರಲ್ಲಿ ನಾನೂ ಒಬ್ಬ. ಆದರೆ ಕಾಗಿನೆಲೆಯ ರೈತ ಅಂಥದನ್ನು ಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ದೂಳು, ಜುಲೈನಲ್ಲಿ ಮೊಣಕಾಲುದ್ದ ಕೆಸರು, ನಡುವೆ ಟಾರು ರಸ್ತೆ, ಹಳ್ಳದ ನೀರು ಇಷ್ಟನ್ನೂ ಒಂದೇ ಗಾಡಿಯಲ್ಲಿ ದಾಟುವ ಅವನ ವಾಹನ ಟ್ರ್ಯಾಕ್ಟರು. ವರದೆ ಉಕ್ಕಿ ರಸ್ತೆಯ ಮೇಲೆ ಬಂದಾಗ ಕಾರು, ಬೈಕು ದಡದಲ್ಲೇ ನಿಂತರೂ ಜನರನ್ನು ಟ್ರೇಲರಿನಲ್ಲಿ ಹತ್ತಿಸಿಕೊಂಡು ದಾಟಿಸುವುದು ಅದೇ.

ಹಾವೇರಿ ಜಿಲ್ಲೆಯ ನೆಲವೇ ಇದಕ್ಕೆ ಕಾರಣ. ಪೂರ್ವಕ್ಕೆ ರಾಣೆಬೆನ್ನೂರು ಕಡೆ ಎರೆ ಹೊಲ, ತುಂಗಭದ್ರೆಯ ದಂಡೆ. ಪಶ್ಚಿಮಕ್ಕೆ ಹಾನಗಲ್ಲ ಕಡೆ ಮಸಾರಿ, ಮಳೆ ಹೆಚ್ಚು, ಕೆರೆ ಹೆಚ್ಚು, ಭತ್ತ ಹೆಚ್ಚು. ಕಾಗಿನೆಲೆ ಇವೆರಡರ ನಡುವೆ ಇದೆ. ಒಣ ಮಣ್ಣಿಗೇ ಕೂರಿಗೆಯಲ್ಲಿ ಭತ್ತ ಬಿತ್ತುವ ರೂಢಿ ಹಾನಗಲ್ಲ ಸೀಮೆಯದು. ಕೆರೆಯ ಕೆಳಗಿನ ಗದ್ದೆಯಲ್ಲಿ ನೀರು ನಿಲ್ಲಿಸಿ ನಾಟಿ ಮಾಡುವುದೂ ಇದೆ. ಒಂದೇ ಮನೆಯ ಟ್ರ್ಯಾಕ್ಟರು ಗೋವಿನಜೋಳದ ಹೊಲದಲ್ಲಿ ಕುಂಟೆ ಎಳೆದು, ಮುಂದಿನ ವಾರವೇ ಗದ್ದೆಗೆ ಇಳಿಯುತ್ತದೆ.

ಗದ್ದೆಗಿಳಿದ ಟ್ರ್ಯಾಕ್ಟರನ್ನು ಒಮ್ಮೆ ಏರಿಯ ಮೇಲೆ ನಿಂತು ನೋಡಬೇಕು. ಹಿಂದಿನ ಟೈರಿಗೆ ಹೊಂದಿಸಿ ಕಬ್ಬಿಣದ ಕೇಜ್ ವೀಲ್ ಕಟ್ಟಿರುತ್ತಾರೆ: ದುಂಡನೆಯ ಚೌಕಟ್ಟು, ಅದರ ಸುತ್ತ ಅಡ್ಡಡ್ಡ ಕಬ್ಬಿಣದ ಪಟ್ಟಿ. ಟೈರು ಒಂದೇ ಇದ್ದರೆ ಕೆಸರು ಅದರ ಸಂದುಗಳಲ್ಲಿ ತುಂಬಿ ನುಣ್ಣಗಾಗಿ, ಗಾಲಿ ನಿಂತಲ್ಲೇ ಸುತ್ತುತ್ತ ಕೆಳಗಿಳಿಯುತ್ತದೆ. ಕೇಜ್ ವೀಲಿನ ಒಂದೊಂದು ಪಟ್ಟಿಯೂ ಕೆಸರನ್ನು ಕಚ್ಚಿ ಹಿಂದಕ್ಕೆ ತಳ್ಳುತ್ತದೆ, ಗಾಡಿಯ ಭಾರವನ್ನು ಅಗಲಕ್ಕೆ ಹಂಚುತ್ತದೆ. ಹಾಗೆ ತಳ್ಳುತ್ತಲೇ ಹೆಂಟೆ ಒಡೆಯುತ್ತದೆ, ಕಳೆ ಮುಳುಗುತ್ತದೆ. ಅರೆದ ಮಣ್ಣಿನ ನಯವಾದ ಕಣಗಳು ತಳಕ್ಕಿಳಿದು ಒಂದು ಪದರ ಕಟ್ಟಿ, ನಿಂತ ನೀರು ಬೇಗ ಇಂಗದಂತೆ ತಡೆಯುತ್ತವೆ. ಕೆಲಸ ನಡೆದಿರುವಾಗ ಗದ್ದೆಯ ನೀರು ಮೊದಲು ಕೆಂಪಾಗಿ, ಆಮೇಲೆ ದಪ್ಪಗಾಗಿ, ಕೊನೆಗೆ ಹೊಳೆಯತೊಡಗುತ್ತದೆ. ಹಿಂದೆಯೇ ಬೆಳ್ಳಕ್ಕಿಗಳ ಸಾಲು. ಮೂಲೆಗೆ ಬಂದಾಗ ಚಾಲಕ ಎಡಗಡೆಯ ಬ್ರೇಕೊಂದನ್ನೇ ಒತ್ತುತ್ತಾನೆ. ಎಡಗಾಲಿ ನಿಂತು ಬಲಗಾಲಿ ಸುತ್ತಿ ಇಡೀ ಗಾಡಿ ಬದುವಿಗೆ ಬಡಿಯದೆ ತಿರುಗುತ್ತದೆ. ಕೈಗಿಂತ ಹೆಚ್ಚು ಕಾಲಿನ ಜಾಣತನದ ಕೆಲಸ ಇದು. ಚೆನ್ನಾಗಿ ಕೆಸರು ಹೊಡೆಯುವವನ ಗದ್ದೆಯ ಮೂಲೆ ನೋಡಿದರೆ ಸಾಕು, ಅವನ ಹದ ತಿಳಿಯುತ್ತದೆ.

ಈ ಸೊಗಸಿಗೆಲ್ಲ ಗಾಡಿಯೇ ಬೆಲೆ ತೆರುತ್ತದೆ. ಕೇಜ್ ವೀಲಿನ ಎಳೆತ ಹಿಂದಿನ ಆಕ್ಸಲ್ ಮೇಲೆ, ಬೇರಿಂಗಿನ ಮೇಲೆ, ಎಣ್ಣೆ ಹೊರಗೆ ಬರದಂತೆ ತಡೆಯುವ ಸೀಲಿನ ಮೇಲೆ ಬೀಳುತ್ತದೆ. ಸೀಲು ಸವೆದರೆ ಎಣ್ಣೆ ಹೊರಗೆ, ಕೆಸರುನೀರು ಒಳಗೆ. ನೀರು ಬೆರೆತ ಎಣ್ಣೆ ಬೆಳ್ಳಗಾಗುತ್ತದೆ. ಆ ಎಣ್ಣೆಯಲ್ಲಿ ಒಂದು ಹಂಗಾಮು ತಿರುಗಿದ ಗೇರು, ಮಸಾರಿ ಹೊಲದಲ್ಲಿ ಹತ್ತು ವರ್ಷ ತಿರುಗಿದ ಗೇರಿಗಿಂತ ಹೆಚ್ಚು ಹಣ್ಣಾಗಿರುತ್ತದೆ. ಅದಕ್ಕೇ ಕೆರೆಯ ಕೆಳಗೆ ದುಡಿದ 2019ರ ಟ್ರ್ಯಾಕ್ಟರಿಗಿಂತ, ಎರೆ ಹೊಲದಲ್ಲಿ ಒಬ್ಬನೇ ಮಾಲೀಕನ ಕೈಯಲ್ಲಿದ್ದ 2011ರ ಟ್ರ್ಯಾಕ್ಟರು ಒಳಗಿಂದ ಚಿಕ್ಕ ವಯಸ್ಸಿನದಾಗಿರಬಹುದು. ಇಸವಿ ನೋಡಿ ರೇಟು ಕಟ್ಟುವ ಪದ್ಧತಿಯಲ್ಲಿ ನನಗೆ ತಕರಾರಿರುವುದು ಇಲ್ಲೇ.

ಎತ್ತು ಕೊಳ್ಳುವವರಿಗೆ ಇದು ಹೊಸ ವಿಷಯವಲ್ಲ. ಹಾವೇರಿ ದನದ ಸಂತೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸು ಸ್ಪಷ್ಟವಾಗಿ ಹೇಳುತ್ತಾರೆ. ಎಂಟೂ ಹಲ್ಲು ಬಂದು ಬಾಯಿ ಕೂಡಿತೆಂದರೆ ಹಲ್ಲಿನ ಎಣಿಕೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಗೊರಸು, ಹೆಗಲು, ನಡಿಗೆ ನೋಡಬೇಕು, ನೊಗ ಹೂಡಿ ನೋಡಬೇಕು. ಟ್ರ್ಯಾಕ್ಟರಿನಲ್ಲೂ ಮೊದಲ ನಾಲ್ಕೈದು ವರ್ಷ ಇಸವಿ ಮಾತಾಡುತ್ತದೆ. ಒಂದು ವರ್ಷ ಹೊಸದು ಎಂದರೆ ಒಂದು ವರ್ಷ ಕಡಿಮೆ ದುಡಿದದ್ದು ಎಂದೇ ಹೆಚ್ಚುಕಡಿಮೆ ಅರ್ಥ. ಬಾಯಿ ಕೂಡಿದ ಮೇಲೆ 2009 ಆದರೇನು, 2012 ಆದರೇನು? ಆ ಮೂರು ವರ್ಷಕ್ಕೆಂದು ಕೊಡುವ ಹೆಚ್ಚಿನ ದುಡ್ಡು ಎಷ್ಟೋ ಸಲ ಬರೀ ಕಾಗದಕ್ಕೆ ಕೊಟ್ಟ ದುಡ್ಡು.

ಹಾಗೆಂದು ಇಸವಿಯನ್ನು ತಳ್ಳಿಹಾಕುವುದೂ ಸರಿಯಲ್ಲ. ಯಂತ್ರದ ಒಳಗೇ ಏನಾದರೂ ಬದಲಾದ ವರ್ಷಗಳಿವೆ. ಆ ಗಡಿಯ ಈಚೆಯದೋ ಆಚೆಯದೋ ಎಂಬುದು ದೊಡ್ಡ ಪ್ರಶ್ನೆ.

ಕೆಸರಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗಡಿ ಬ್ರೇಕಿನದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಇದ್ದದ್ದು ಒಣ ಬ್ರೇಕು. ಗದ್ದೆಯ ನೀರು ಒಳಹೊಕ್ಕರೆ ಹಿಡಿತ ಹೋಗುತ್ತದೆ, ಕೆಸರು ಹೊಕ್ಕರೆ ಡಿಸ್ಕು ಬೇಗ ಸವೆಯುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿಗೆ ಈ ಕಷ್ಟವಿಲ್ಲ. ಡಿಸ್ಕುಗಳು ಮುಚ್ಚಿದ ಹೌಸಿಂಗಿನೊಳಗೆ ಎಣ್ಣೆಯಲ್ಲೇ ತಿರುಗುತ್ತವೆ, ಹೊರಗಿನ ನೀರು ಸುಲಭಕ್ಕೆ ತಾಗುವುದಿಲ್ಲ. ಒಂದೇ ಹೆಸರಿನ, ಒಂದೇ ಅಶ್ವಶಕ್ತಿಯ ಟ್ರ್ಯಾಕ್ಟರು ಒಣ ಬ್ರೇಕಿನಲ್ಲೂ ಎಣ್ಣೆ ಬ್ರೇಕಿನಲ್ಲೂ ಬಂದಿರುವುದುಂಟು. ಮೂಲೆ ತಿರುಗಿಸಲು ಒಂದೊಂದೇ ಬ್ರೇಕು ಒತ್ತುವ ಗದ್ದೆ ಕೆಲಸಕ್ಕೆ ನಾನು ಎಣ್ಣೆ ಬ್ರೇಕಿನದನ್ನೇ ಆರಿಸುತ್ತೇನೆ, ಅದು ಎರಡು ವರ್ಷ ಹಳೆಯದಾದರೂ ಸರಿ.

ಎರಡನೆಯ ಗಡಿ ಡೀಸೆಲ್ ಪಂಪಿನದು. ನಮ್ಮ ಕಡೆ ಎಲ್ಲರೂ ಮೈಕೋ ಪಂಪು ಅನ್ನುತ್ತಾರೆ. 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯ ಪಂಪುಗಳು ಇಡೀ ದೇಶದ ಹೊಲಗಳಲ್ಲಿ ಗುಡುಗಿವೆ. ಸಾಲು ಪಂಪಿನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಪ್ಲಂಜರ್ ಇರುತ್ತದೆ. ಗಟ್ಟಿ ಜೀವ, ಊರ ಫಿಟರಿಗೂ ಪರಿಚಯ. ರೋಟರಿ ಪಂಪು ಚಿಕ್ಕದು, ನಯ. ಆದರೆ ಅದರೊಳಗಿನ ಭಾಗಗಳಿಗೆ ಜಿಡ್ಡು ಕೊಡುವುದು ಡೀಸೆಲ್ಲೇ. ಡೀಸೆಲ್ಲಿನಲ್ಲಿ ನೀರೋ ಕಸವೋ ಸೇರಿದರೆ ತಡೆದುಕೊಳ್ಳುವುದಿಲ್ಲ. ಡಬ್ಬಿಯಲ್ಲಿ ಡೀಸೆಲ್ ತಂದು ಮಳೆಯಲ್ಲೇ ಸುರಿಯುವ ಅಭ್ಯಾಸ ಇರುವವರು ಇದನ್ನು ನೆನಪಿಡಬೇಕು. ಮೂರನೆಯದು ಈಚಿನದು. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಹೊಗೆ ನಿಯಮ ಬಂತು. ಅದರೊಂದಿಗೆ ಕಾಮನ್ ರೈಲ್ ಇಂಜಿನ್ನು, ಸೆನ್ಸರು, ವೈರಿಂಗು ಬಂದವು. ಹೊಗೆ ಕಡಿಮೆ, ಡೀಸೆಲ್ ಅಳೆದು ಸುರಿಯುವ ಚೊಕ್ಕತನ ಹೆಚ್ಚು. ಆದರೆ ಕೆಟ್ಟಾಗ ಪಾನಾ ಹಿಡಿದ ಕೈ ಒಂದೇ ಸಾಲದು, ಲ್ಯಾಪ್‌ಟಾಪ್ ಹಿಡಿದವರು ಬರಬೇಕು. ದೊಡ್ಡ ಟ್ರ್ಯಾಕ್ಟರು ಬೇಕಾದವರಿಗೆ 2022ರದೋ 2023ರದೋ ಎಂಬುದು ಬರೀ ಒಂದು ವರ್ಷದ ಅಂತರವಲ್ಲ.

ಇನ್ನೊಂದು ಬಗೆಯ ಗಡಿ ಕಂಪನಿಗಳ ಚರಿತ್ರೆಯಲ್ಲಿದೆ. ಎಚ್‌ಎಂಟಿ ಎಂದರೆ ಬೆಂಗಳೂರಿನ ಗಡಿಯಾರ ನೆನಪಾಗುತ್ತದೆ. ಅದೇ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಜೆಟರ್ 2511 ಟ್ರ್ಯಾಕ್ಟರು ಮಾಡತೊಡಗಿತು. ದಪ್ಪ ಎರಕದ ಆ ಗಾಡಿಗಳ ಮೈಮೇಲೆ ಕೈಯಾಡಿಸಿದರೆ ಈಗಲೂ ನನಗೆ ಸಂತೋಷ. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ನಿರ್ಧರಿಸಿತು. ಈಗ ಎಚ್‌ಎಂಟಿ ಕೊಳ್ಳುವವರು ಇಸವಿಗಿಂತ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಬೇಕು. ಸ್ವರಾಜ್ ಕಥೆ ಬೇರೆ. ದುರ್ಗಾಪುರದ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ ಟ್ರ್ಯಾಕ್ಟರು ಅದು. ಪಂಜಾಬಿನಲ್ಲಿ 1974ರಲ್ಲಿ ಮೊದಲ 724 ಹೊರಬಂತು. 2007ರಲ್ಲಿ ಮಹೀಂದ್ರಾ ಕೈಗೆ ಹೋದರೂ ಹೆಸರು ಉಳಿಯಿತು, ಸಾಮಾನೂ ಸಿಗುತ್ತದೆ. ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ ಐಷರ್ 241 ಇನ್ನೊಂದು ಮುದ್ದಾದ ಜೀವ. ರೇಡಿಯೇಟರಿಲ್ಲ, ನೀರಿನ ತಂಟೆಯಿಲ್ಲ. ಅದರ ಒಂಟಿ ಬಡಿತ ಬೆಳಗಿನ ಜಾವ ಎರಡು ಹೊಲದಾಚೆಗೂ ಕೇಳುತ್ತದೆ. ಮಾಸ್ಸಿಯ ಮೂರು ಸಿಲಿಂಡರು, ಮಹೀಂದ್ರಾ 575ರ ನಾಲ್ಕು ಸಿಲಿಂಡರು ಎಂದು ಕಣ್ಣುಮುಚ್ಚಿ ಹೇಳುವ ಹುಡುಗರು ನಮ್ಮ ಊರುಗಳಲ್ಲಿದ್ದಾರೆ. ಅವರ ಕಿವಿಯ ಬಗ್ಗೆ ನನಗೆ ಗೌರವ.

ಇಸವಿಯನ್ನು ಓದುವುದೂ ಒಂದು ಕಲೆ. ಮೊದಲು ನಂಬರ್ ಪ್ಲೇಟ್. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು. ಅದರ ನಂಬರು ಕೆಎ-27. ಅದಕ್ಕೂ ಮುಂಚೆ ನಾವು ಧಾರವಾಡ ಜಿಲ್ಲೆಯವರು, ನಮ್ಮ ಗಾಡಿಗಳು ಕೆಎ-25. ರಾಣೆಬೆನ್ನೂರಿಗೆ ಆಮೇಲೆ ಕೆಎ-68 ಬಂತು. ಕಾಗಿನೆಲೆಯ ಓಣಿಯಲ್ಲಿ ಕೆಎ-25ರ ಮಾಸಿದ ಪ್ಲೇಟು ಕಂಡರೆ ಅದು ಜಿಲ್ಲೆಗಿಂತ ಹಿರಿಯ ಗಾಡಿ ಇರಬಹುದು, ಹುಬ್ಬಳ್ಳಿ ಕಡೆಯಿಂದ ಕೊಂಡು ತಂದದ್ದೂ ಇರಬಹುದು. ಕೇಳಿದರೆ ಒಂದು ಒಳ್ಳೆಯ ಕಥೆಯಂತೂ ಸಿಗುತ್ತದೆ. ಆಮೇಲೆ ಆರ್‌ಸಿ. ಅದರಲ್ಲಿ ನೋಂದಣಿಯ ದಿನಾಂಕ ಬೇರೆ, ತಯಾರಾದ ತಿಂಗಳು-ವರ್ಷ ಬೇರೆ. ಶೋರೂಮಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿ ಮಾರಾಟವಾದ ದಿನದಿಂದ ಹೊಸದೆನಿಸಿಕೊಳ್ಳುತ್ತದೆ. ಮಾರುವವರು ನೋಂದಣಿಯ ಇಸವಿ ಹೇಳುತ್ತಾರೆ, ಕೊಳ್ಳುವವರು ತಯಾರಾದ ಇಸವಿ ಹಿಡಿದು ಮಾತಾಡಬೇಕು.

ಮೂರನೆಯದು ಟೈರು. ಇದು ನನಗೆ ಬಹಳ ಇಷ್ಟ. ಟೈರಿನ ಬದಿಯಲ್ಲಿ ಒಂದು ಸಣ್ಣ ಅಚ್ಚಿನೊಳಗೆ ನಾಲ್ಕು ಅಂಕಿ ಇರುತ್ತವೆ. 3518 ಎಂದಿದ್ದರೆ 2018ರ 35ನೆಯ ವಾರ. ಟ್ರ್ಯಾಕ್ಟರಿನ ಇಸವಿಯೂ ಟೈರಿನ ಇಸವಿಯೂ ಒಂದೇ ಆಗಿದ್ದು, ಟೈರಿನಲ್ಲಿ ಇನ್ನೂ ರಬ್ಬರು ಎದ್ದು ನಿಂತಿದ್ದರೆ ಆ ಗಾಡಿ ಕಡಿಮೆ ದುಡಿದಿದೆ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಐದೇ ವರ್ಷದ ಗಾಡಿಗೆ ಎರಡನೆಯ ಜೋಡಿ ಟೈರು ಬಂದಿದ್ದರೆ ಯಾಕೆ ಎಂದು ಕೇಳಬೇಕು.

ಮೀಟರನ್ನು ಕಣ್ಣುಮುಚ್ಚಿ ನಂಬುವವರೂ ಇದ್ದಾರೆ. ಟ್ರ್ಯಾಕ್ಟರಿನ ದುಡಿಮೆ ಅಳೆಯುವುದು ತಾಸಿನಲ್ಲಿ. ಹಳೆಯ ಕೇಬಲ್ ಮೀಟರು ಎಣಿಸುವುದು ನಿಜವಾಗಿ ಇಂಜಿನ್ನಿನ ಸುತ್ತುಗಳನ್ನು. ನಿಗದಿಯಾದ ವೇಗದಲ್ಲಿ ಓಡಿದರೆ ಮಾತ್ರ ಅದರ ಒಂದು ತಾಸು ಗಡಿಯಾರದ ಒಂದು ತಾಸಿಗೆ ಸಮ. ನಿಧಾನವಾಗಿ ಓಡಿಸಿದರೆ ಮೀಟರೂ ನಿಧಾನ. ಕೇಬಲ್ ಕಿತ್ತಿಟ್ಟರೆ ಅದು ನಿಂತೇಹೋಗುತ್ತದೆ. ನಾನು ಮೀಟರಿಗಿಂತ ಹೆಚ್ಚಾಗಿ ಕ್ಲಚ್ ಪೆಡಲ್ ನೋಡುತ್ತೇನೆ. ಕಾಲು ಜಾರದಿರಲೆಂದು ಅದರ ಮೇಲೆ ಎಬ್ಬಿಸಿದ ಗೀರುಗಳು ಹೊಸದರಲ್ಲಿ ಚೂಪಾಗಿರುತ್ತವೆ. ಸಾವಿರಾರು ತಾಸು ಬರಿಗಾಲು, ಕೆಸರುಗಾಲು ಒತ್ತಿದ ಪೆಡಲಿನಲ್ಲಿ ಅವು ಮಾಯವಾಗಿ, ನಡುವೆ ಪಾದದ ಅಗಲಕ್ಕೆ ಕಬ್ಬಿಣ ಬೆಳ್ಳಿಯ ಹೊಳಪು ಪಡೆದಿರುತ್ತದೆ. ಮೀಟರು 1,800 ತಾಸು ಎಂದರೂ ಪೆಡಲು ಹೊಳೆಯುತ್ತಿದ್ದರೆ ನಾನು ನಂಬುವುದು ಪೆಡಲನ್ನು.

ಇಷ್ಟೂ ಕಣ್ಣಿನ ಕೆಲಸ. ಮುಂದಿನದು ಫಿಟರಿನದು. ಎರಡನೇ ಕೈ ಟ್ರ್ಯಾಕ್ಟರ್ ಕೊಳ್ಳುವ ಹುಡುಗರು ಊರ ಹಿರಿಯ ಫಿಟರನ್ನು ಕರೆದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ, ಅದು ಉಳಿಯಬೇಕು. ಅಂಥ ಒಬ್ಬರ ಜೊತೆ ನಿಂತು ನೋಡಿದ್ದೇನೆ. ಹುಡುಗ ಸೀಟಿಗೇರಿ ಕೀ ತಿರುಗಿಸಲು ಹೋದ.

"ತಡಿ ತಮ್ಮಾ, ಚಾಲೂ ಮಾಡಬ್ಯಾಡ. ಮದ್ಲ ಬ್ಲಾಕ್ ಮುಟ್ಟಿ ನೋಡು. ಬಿಸಿ ಐತೇನು?"

"ಇಲ್ಲ ಕಾಕಾ, ತಣ್ಣಗೈತಿ."

"ಹಂಗಾರ ಕೆಳಗ ಬಾ. ಎಣ್ಣಿ ನೋಡೂಣು."

ಹಿಂದಿನ ಹೌಸಿಂಗಿನ ತಳದಲ್ಲಿ ಒಂದು ಬೋಲ್ಟು ಇದೆ. ಮಾಲೀಕರನ್ನು ಕೇಳಿ, ಒಂದು ಬೋಗುಣಿ ಹಿಡಿದು, ಅದನ್ನು ಎರಡು ಸುತ್ತು ಸಡಿಲಿಸಿದರು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರು ಎಣ್ಣೆಯ ಕೆಳಗೆ ಇಳಿದಿರುತ್ತದೆ. ಇದ್ದರೆ ಮೊದಲು ಹೊರಬರುವುದು ಅದೇ. ಬಂದದ್ದು ಜೇನು ಬಣ್ಣದ ಎಣ್ಣೆ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು, ಬೆಳಕಿಗೆ ಹಿಡಿದು ಕಬ್ಬಿಣದ ಪುಡಿ ಇದೆಯೇ ಎಂದು ನೋಡಿದರು. ಬೋಲ್ಟು ಬಿಗಿದು ಆಮೇಲೆ "ಈಗ ಹೊಡಿ ಸೆಲ್ಫ್" ಎಂದರು. ಮೊದಲ ಹೊಗೆಯ ಬಣ್ಣ ನೋಡಿದರು. ಬ್ರೀದರ್ ಪೈಪಿನ ಬಾಯಿಗೆ ಅಂಗೈ ಹಿಡಿದು, ರಿಂಗು ಸವೆದು ಹೊಗೆ ದೂಡುತ್ತಿದೆಯೇ ಎಂದು ಪರೀಕ್ಷಿಸಿದರು. ಪಾನಾದ ಒಂದು ತುದಿಯನ್ನು ಗೇರ್‌ಬಾಕ್ಸಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಕಣ್ಣುಮುಚ್ಚಿ ನಿಂತರು. ಯಾರೂ ಮಾತಾಡಲಿಲ್ಲ. ಟ್ರೇಲರಿನಲ್ಲಿ ಕಲ್ಲು ಹೇರಿಸಿ ಏರು ಹತ್ತಿಸಿದರು, ಹೈಡ್ರಾಲಿಕ್ ಮೇಲೆ ರೋಟಾವೇಟರ್ ಎತ್ತಿ ಇಂಜಿನ್ ಬಂದ್ ಮಾಡಿ ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕಾದರು. ಇದೆಲ್ಲ ಮುಗಿದ ಮೇಲೆಯೇ ಆ ಹಿರಿಯರು ಕೇಳಿದ್ದು: "ಮಾಡಲ್ ಯಾವದಂದ್ರಿ?"

ಆ ಅನುಕ್ರಮ ನನಗೆ ಮೆಚ್ಚುಗೆಯಾಯಿತು. ಕಾಗಿನೆಲೆಯಲ್ಲಿ ನಿಂತು ಇದನ್ನು ಯೋಚಿಸುವಾಗ ಕನಕದಾಸರ 'ರಾಮಧಾನ್ಯ ಚರಿತ್ರೆ' ನೆನಪಾಗದೆ ಇರುವುದಿಲ್ಲ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಬಂದಾಗ ರಾಮ ಕುಲ, ಬಣ್ಣ, ಹೆಸರು ಕೇಳಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಕಾಲ ಕಳೆದ ಮೇಲೆ ಕಸುವು ಉಳಿಸಿಕೊಂಡದ್ದು ರಾಗಿ. ಕಾಲವನ್ನು ಹೇಗೆ ತಾಳಿಕೊಂಡೆ ಎಂದು ಕೇಳುವ ಆ ಬಗೆಯೇ ಫಿಟರಿನ ಬೆರಳಲ್ಲೂ ಇತ್ತು ಎಂದು ನನಗೆ ಅನ್ನಿಸಿತು.

ಕಾಗದದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಬೇಕು. 14 ವರ್ಷದ ಗಾಡಿ ಕೊಳ್ಳುವವರು ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬ್ಯಾಂಕಿನ ಸಾಲ ತೀರಿದೆಯೇ, ಆರ್‌ಸಿಯಿಂದ ಅದರ ನಮೂದು ತೆಗೆಸಿದ್ದಾರೆಯೇ ನೋಡಬೇಕು. ಟ್ರೇಲರಿಗೆ ಬೇರೆ ನೋಂದಣಿ ಇರುತ್ತದೆ, ಅದನ್ನೂ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಈಚಿನ ಮಾಡೆಲ್ಲಿನ ಹಳೆ ಗಾಡಿಗೆ ಹಿಂದಿನ ರೇಟೇ ಕೇಳುವವರ ಮುಂದೆ ಈ ಮಾತು ಎತ್ತಲು ಸಂಕೋಚ ಬೇಡ.

ನನ್ನನ್ನು ಕೇಳಿದರೆ, ಕೆರೆಯ ಕೆಳಗಿನ ಗದ್ದೆಗೆ ಕೊಳ್ಳುವವರು ಮೊದಲು ಎಣ್ಣೆ ಬ್ರೇಕು ಇದೆಯೇ ನೋಡಲಿ, ಆಮೇಲೆ ಆಕ್ಸಲ್ ಸೀಲು ಮತ್ತು ಹೌಸಿಂಗಿನ ಎಣ್ಣೆ, ಆಮೇಲೆ ಪಂಪು, ಆಮೇಲೆ ಇಸವಿ. ಐದು ವರ್ಷದೊಳಗಿನ ಗಾಡಿಯಾದರೆ ಒಂದೊಂದು ವರ್ಷಕ್ಕೂ ದುಡ್ಡು ಕೊಡಬಹುದು. ಹತ್ತು ದಾಟಿದ್ದರೆ ಎರಡು ಮೂರು ವರ್ಷದ ಹೆಚ್ಚುಕಡಿಮೆಗೆ ಚೌಕಾಸಿ ಮಾಡುವ ಬದಲು ಆ ದುಡ್ಡನ್ನು ಹೊಸ ಸೀಲಿಗೆ, ಹೊಸ ಎಣ್ಣೆಗೆ ಎತ್ತಿಡಿ. ನೋಡಲು ಹೋಗುವುದಿದ್ದರೆ ಬೆಳಿಗ್ಗೆಯೇ ಹೋಗಿ. ನೀವು ತಲುಪುವ ಮೊದಲೇ ಇಂಜಿನ್ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ, ಚಹಾ ಕುಡಿದು, ನಾಳೆ ಮತ್ತೆ ಬರುತ್ತೇನೆಂದು ಹೇಳಿ ಎದ್ದು ಬನ್ನಿ.